ಡಿಗ್ರಿ ಓದುತ್ತಾ ವಿದೇಶಿ ಭಾಷೆ ಕಲಿಯೋದು: ನಿಜವಾಗಿ ಎಷ್ಟು ದೂರ ಹೋಗಬಹುದು?

ತಿರುವುದಾರಿ:

ಎಲ್ಲರಿಗೂ ನಮಸ್ಕಾರ. ನಾನು ಸಂಖ್ಯಾಶಾಸ್ತ್ರದ ಡಿಗ್ರಿ ಓದುತ್ತಿದ್ದೇನೆ, ಎರಡನೇ ವರ್ಷ. ಮುಂದಿನ ಸೆಮಿಸ್ಟರ್‌ನಿಂದ ಒಂದು ವಿದೇಶಿ ಭಾಷೆ ಕಲಿಯಬೇಕು ಅಂತ ಬಹಳ ಆಸೆ ಇದೆ. ಜರ್ಮನ್ ಅಥವಾ ಜಪಾನೀಸ್, ಇನ್ನೂ ತೀರ್ಮಾನ ಆಗಿಲ್ಲ. ಎರಡು ದಾರಿ ಕಾಣುತ್ತಿವೆ. ಯೂನಿವರ್ಸಿಟಿಯಲ್ಲೇ ಐಚ್ಛಿಕ ವಿಷಯವಾಗಿ ತೆಗೆದುಕೊಂಡರೆ ಕ್ರೆಡಿಟ್ ಸಿಗುತ್ತದೆ, ಆದರೆ ಅದರ ಅಂಕ ಒಟ್ಟು ಸರಾಸರಿಗೆ ಸೇರುತ್ತದೆ. ಹೊರಗಿನ ಸಂಜೆ ಕ್ಲಾಸ್‌ಗೆ ಸೇರಿದರೆ ಅಂಕದ ಭಯ ಇಲ್ಲ, ಆದರೆ ಲ್ಯಾಬ್ ಮುಗಿಸಿ ಓಡಬೇಕು.

ಮೂಲ ವಿಷಯದ ಓದಿಗೆ ಪೆಟ್ಟು ಬೀಳುತ್ತದಾ? ಡಿಗ್ರಿ ಮುಗಿಯುವುದರೊಳಗೆ ನಿಜವಾಗಿ ಉಪಯೋಗಕ್ಕೆ ಬರುವಷ್ಟು ಭಾಷೆ ಬರುತ್ತದಾ? ಸುಮ್ನೆ ರೆಸ್ಯೂಮೆಯಲ್ಲಿ ಒಂದು ಸಾಲು ಸೇರಿಸಲು ಕಲಿಯುವುದು ನನಗೆ ಇಷ್ಟವಿಲ್ಲ. ಅನುಭವ ಇರುವವರು ಬಿಡಿಸಿ ಹೇಳಿ.

ಬೆಸುಗೆ:

ಕ್ರೆಡಿಟ್ ಕೋರ್ಸೋ ಹೊರಗಿನ ಕ್ಲಾಸೋ ಅನ್ನೋದಕ್ಕೆ ಮೊದಲು ಉತ್ತರಿಸುತ್ತೇನೆ. ನಾನು ಮೆಕ್ಯಾನಿಕಲ್ ಓದುತ್ತಾ ಕ್ರೆಡಿಟ್ ಕೋರ್ಸ್ ಆಗಿ ಜರ್ಮನ್ ತೆಗೆದುಕೊಂಡೆ. ಅದರ ದೊಡ್ಡ ಲಾಭ ಟೈಮ್‌ಟೇಬಲ್. ಕ್ಲಾಸ್ ಕ್ಯಾಂಪಸ್‌ನಲ್ಲೇ ನಡೆಯುತ್ತದೆ, ಹಗಲಲ್ಲೇ ನಡೆಯುತ್ತದೆ, ಲ್ಯಾಬ್ ಜೊತೆ ಡಿಕ್ಕಿ ಹೊಡೆಯದ ಹಾಗೆ ಮೊದಲೇ ನೋಡಿಕೊಳ್ಳಬಹುದು. ಪರೀಕ್ಷೆ ಇರುವುದರಿಂದ ಅರ್ಧಕ್ಕೆ ಬಿಡುವ ಮಾತೇ ಬರುವುದಿಲ್ಲ.

ತೊಂದರೆ ಬೇರೆ ಕಡೆ ಇದೆ. ಎಷ್ಟೋ ಕಡೆ ಈ ಕೋರ್ಸ್ ಒಂದೋ ಎರಡೋ ಸೆಮಿಸ್ಟರ್‌ಗೆ ನಿಂತು ಹೋಗುತ್ತದೆ. ಎ1, ಅಂದರೆ ಭಾಷೆಯ ಆರು ಹಂತಗಳಲ್ಲಿ ಮೊದಲನೆಯದು ಮುಗಿಯಿತು, ಮುಂದಿನ ಹಂತ ಇಲ್ಲವೇ ಇಲ್ಲ, ಅಥವಾ ಇದ್ದರೂ ವರ್ಷಕ್ಕೊಮ್ಮೆ ಮಾತ್ರ. ಹಾಗಾಗಿ ಹೆಸರು ಕೊಡುವ ಮೊದಲು ವಿಭಾಗದ ಆಫೀಸಿಗೆ ಹೋಗಿ ಕೇಳಿ: ಎ2 ಇದೆಯಾ, ಯಾವ ಸೆಮಿಸ್ಟರ್‌ನಲ್ಲಿ ನಡೆಯುತ್ತದೆ, ಕನಿಷ್ಠ ಎಷ್ಟು ಜನ ಸೇರಿದರೆ ನಡೆಸುತ್ತಾರೆ. ಅಂಕದ ಬದಲು ಬರೀ ಪಾಸ್ ಅಥವಾ ಫೇಲ್ ಅಂತ ದಾಖಲಿಸುವ ಅವಕಾಶ ಇದೆಯಾ ಅಂತಲೂ ಕೇಳಿ. ಇದ್ದರೆ ಸರಾಸರಿಯ ಚಿಂತೆ ಅಲ್ಲಿಗೇ ಮುಗಿಯಿತು.

ಕ್ರೆಡಿಟ್ ಅಂದರೆ ಕ್ಲಾಸ್‌ನಲ್ಲಿ ಕೂರುವ ಗಂಟೆ ಮಾತ್ರ ಅಲ್ಲ, ಇದು ನೆನಪಿರಲಿ. ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಅಂದರೆ ಒಟ್ಟು 25ರಿಂದ 30 ಗಂಟೆ ಕೆಲಸ, ಮನೆಯ ಓದೂ ಸೇರಿ. 6 ಕ್ರೆಡಿಟ್‌ನ ಭಾಷಾ ಕೋರ್ಸ್ ಅಂದರೆ 150ರಿಂದ 180 ಗಂಟೆ. ವಾರಕ್ಕೆ ಎರಡೇ ಕ್ಲಾಸ್ ಅಲ್ವಾ, ಹಗುರ ವಿಷಯ ಅಂದುಕೊಂಡು ಬರುವವರು ಸೆಮಿಸ್ಟರ್ ಮಧ್ಯದಲ್ಲಿ ತಿಣುಕುತ್ತಾರೆ. ನನ್ನ ಬ್ಯಾಚ್‌ನಲ್ಲೇ ನೋಡಿದ್ದೇನೆ.

ಸಂಜೆಬ್ಯಾಚ್:

ನಾನು ಜರ್ಮನ್ ಕಲಿಸುವವಳು. ನನ್ನ ಕ್ಲಾಸ್‌ಗೆ ಬರುವವರಲ್ಲಿ ಹೆಚ್ಚಿನವರು ಕಾಲೇಜು ವಿದ್ಯಾರ್ಥಿಗಳು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಗಂಟೆಗಳ ಲೆಕ್ಕ. ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸಿದ ಅನುಭವದಿಂದ ಒಂದು ಅಂದಾಜು ಕೊಟ್ಟಿದೆ. ಕೆಲಸ ನಿಭಾಯಿಸುವ ಮಟ್ಟಕ್ಕೆ ಬರಲು ಸ್ಪ್ಯಾನಿಷ್, ಫ್ರೆಂಚ್‌ನಂಥ ಭಾಷೆಗೆ ಸುಮಾರು 600ರಿಂದ 750 ಕ್ಲಾಸ್ ಗಂಟೆ, ಜರ್ಮನ್‌ಗೆ ಸುಮಾರು 900, ಜಪಾನೀಸ್, ಚೀನೀ, ಕೊರಿಯನ್, ಅರೇಬಿಕ್‌ಗೆ 2200. ಇದು ಇಂಗ್ಲಿಷ್ ಮನೆಮಾತಿನವರ ಲೆಕ್ಕ, ಅದೂ ಇಡೀ ದಿನ ಬೇರೆ ಕೆಲಸ ಇಲ್ಲದೆ ಕಲಿಯುವವರದ್ದು. ನಮಗೆ ಹಾಗೆಯೇ ಹೊಂದುವುದಿಲ್ಲ. ಆದರೂ ಯಾವ ಭಾಷೆಗೆ ಎಷ್ಟು ದೊಡ್ಡ ಕೆಲಸ ಕಾದಿದೆ ಅನ್ನುವುದು ಗೊತ್ತಾಗುತ್ತದೆ.

ಈಗ ನಿಮ್ಮ ಲೆಕ್ಕ ಹಾಕೋಣ. ವಾರಕ್ಕೆ 4 ಗಂಟೆ ಕ್ಲಾಸ್, 4 ಗಂಟೆ ಮನೆ ಓದು. 15 ವಾರದ ಸೆಮಿಸ್ಟರ್‌ಗೆ 120 ಗಂಟೆ. ನಾಲ್ಕು ಸೆಮಿಸ್ಟರ್‌ಗೆ 480. ರಜೆಯಲ್ಲಿ ಕೈ ಬಿಡದೆ ಇದ್ದರೆ ಜರ್ಮನ್‌ನಲ್ಲಿ ಬಿ1 ತಲುಪಲು ಇಷ್ಟು ಸಾಕು ಅಂತ ಧೈರ್ಯವಾಗಿ ಹೇಳುತ್ತೇನೆ. ಎ1ರಿಂದ ಸಿ2ವರೆಗಿನ ಈ ಆರು ಹಂತಗಳನ್ನು ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿತು. ಈಗ ಯುರೋಪಿನ ಭಾಷೆಗಳ ಪರೀಕ್ಷೆಗಳೆಲ್ಲ ಹೆಚ್ಚುಕಡಿಮೆ ಇದನ್ನೇ ಅಳತೆಗೋಲು ಮಾಡಿಕೊಂಡಿವೆ.

ನಾನು ಬಿ1 ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ಎ1ರಲ್ಲಿ ಹೆಸರು ಹೇಳಬಹುದು, ಸಮಯ ಕೇಳಬಹುದು, ಚಿಕ್ಕ ಫಾರ್ಮ್ ತುಂಬಬಹುದು. ಅದು ಒಳ್ಳೆಯದೇ. ಆದರೆ ಅಲ್ಲಿಗೆ ನಿಲ್ಲಿಸಿದರೆ ಕಲಿತದ್ದು ಬಹಳ ಬೇಗ ಅಳಿಸಿ ಹೋಗುತ್ತದೆ, ಯಾಕಂದ್ರೆ ಅಷ್ಟು ಭಾಷೆಯಿಂದ ನೀವು ತಾನಾಗಿ ಏನನ್ನೂ ಓದಲಾರಿರಿ, ಕೇಳಲಾರಿರಿ. ಬಿ1 ಬಂದರೆ ಸರಳ ಸುದ್ದಿ ಓದಬಹುದು, ಪರಿಚಯದ ವಿಷಯದ ಬಗ್ಗೆ ಅಭಿಪ್ರಾಯ ಹೇಳಿ ಅದಕ್ಕೆ ಕಾರಣ ಕೊಡಬಹುದು. ಅಲ್ಲಿಂದ ಮುಂದೆ ಕ್ಲಾಸ್ ಇಲ್ಲದಿದ್ದರೂ ಭಾಷೆ ನಿಮ್ಮ ಜೊತೆ ಉಳಿಯುತ್ತದೆ. ಪ್ರತಿ ವರ್ಷ ಎ1 ಕ್ಲಾಸ್ ತುಂಬಿ ತುಳುಕುತ್ತದೆ, ಬಿ1ಗೆ ಬೆರಳೆಣಿಕೆಯ ಜನ ಉಳಿಯುತ್ತಾರೆ. ಬಿಟ್ಟವರು ದಡ್ಡರಲ್ಲ. ಒಂದು ಸೆಮಿಸ್ಟರ್‌ಗೆ ಅಂತ ಬಂದವರು, ಮುಂದಿನದಕ್ಕೆ ಜಾಗ ಇಟ್ಟುಕೊಂಡಿರಲಿಲ್ಲ, ಅಷ್ಟೇ.

ಶುರು ಮಾಡುವ ಮೊದಲೇ ನಾಲ್ಕು ಸೆಮಿಸ್ಟರ್‌ನ ಕ್ಯಾಲೆಂಡರ್ ಮುಂದೆ ಇಟ್ಟುಕೊಳ್ಳಿ. ಇಂಟರ್ನ್‌ಶಿಪ್ ಯಾವಾಗ, ಪ್ರಾಜೆಕ್ಟ್ ಯಾವಾಗ, ಕಷ್ಟದ ಪೇಪರ್ ಯಾವ ಸೆಮಿಸ್ಟರ್‌ನಲ್ಲಿ, ಎಲ್ಲ ಬರೆಯಿರಿ. ಎ1, ಎ2 ಎರಡನ್ನೂ ಹಗುರ ಸೆಮಿಸ್ಟರ್‌ಗಳಲ್ಲಿ ಮುಗಿಸಿಕೊಳ್ಳಿ. ಕೊನೆಯ ಸೆಮಿಸ್ಟರ್‌ನಲ್ಲಿ ಹೊಸದಾಗಿ ಭಾಷೆ ಶುರು ಮಾಡಲು ಹೋಗಬೇಡಿ.

ರಜೆಓದು:

ಸಂಜೆಬ್ಯಾಚ್ ಅವರ ಲೆಕ್ಕ ಸರಿ ಇದೆ, ದಾರಿ ಮಾತ್ರ ನನಗೆ ಒಪ್ಪಿಗೆ ಇಲ್ಲ. ವಾರಕ್ಕೆ ನಾಲ್ಕು ಗಂಟೆ ಎಳೆದುಕೊಂಡು ಹೋಗುವುದಕ್ಕಿಂತ ದೊಡ್ಡ ರಜೆಯಲ್ಲಿ ದಿನಕ್ಕೆ ನಾಲ್ಕು ಗಂಟೆಯ ಇಂಟೆನ್ಸಿವ್ ಕೋರ್ಸ್ ಮಾಡಿದರೆ ಒಂದು ಹಂತ ಒಂದೇ ಸಲಕ್ಕೆ ಮುಗಿಯುತ್ತದೆ. ಸೆಮಿಸ್ಟರ್‌ನಲ್ಲಿ ಮೂಲ ವಿಷಯಕ್ಕೆ ಪೂರ್ತಿ ಗಮನ ಕೊಡಬಹುದು. ನಾನು ಸ್ಪ್ಯಾನಿಷ್ ಕಲಿತದ್ದು ಹಾಗೆಯೇ. ಬೆಳಿಗ್ಗೆಯಿಂದ ಅದೇ ಭಾಷೆ ಕಿವಿಗೆ ಬೀಳುತ್ತಿದ್ದರೆ ಬಾಯಿ ಬೇಗ ಬಿಡುತ್ತದೆ. ವಾರಕ್ಕೆ ಎರಡು ದಿನದ ಕ್ಲಾಸ್‌ನಲ್ಲಿ ಆ ಹಿಡಿತ ಸಿಗುವುದಿಲ್ಲ.

ಸಂಜೆಬ್ಯಾಚ್:

@ರಜೆಓದು, ಮಾತನಾಡುವ ಧೈರ್ಯ ಇಂಟೆನ್ಸಿವ್‌ನಲ್ಲಿ ಬೇಗ ಬರುತ್ತದೆ, ಅದು ನಿಜ. ನನ್ನ ಚಿಂತೆ ಕೋರ್ಸ್ ಮುಗಿದ ನಂತರದ ತಿಂಗಳುಗಳದ್ದು. ಜರ್ಮನಿಯ ಮನಶ್ಶಾಸ್ತ್ರಜ್ಞ ಹೆರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗ ಇಂದಿಗೂ ಹಳೆಯದಾಗಿಲ್ಲ. ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಅಂತ ಅಳೆದರು. ಮರೆವು ಮೊದಮೊದಲು ಭಾರೀ ವೇಗದಲ್ಲಿ ಇರುತ್ತದೆ, ಆಮೇಲೆ ನಿಧಾನವಾಗುತ್ತದೆ. ಒಂದೇ ಸಲ ಕೂತು ಉರು ಹೊಡೆಯುವುದಕ್ಕಿಂತ ದಿನಗಳ ಅಂತರ ಕೊಟ್ಟು ಮತ್ತೆ ಮತ್ತೆ ನೋಡಿದರೆ ಹೆಚ್ಚು ಉಳಿಯುತ್ತದೆ ಅನ್ನುವುದನ್ನೂ ಕಂಡರು.

ಹಾಗಾಗಿ ರಜೆಯ ಕೋರ್ಸ್ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಮುಂದಿನ ಸೆಮಿಸ್ಟರ್ ಇಡೀ ಪುಸ್ತಕ ಮುಚ್ಚಿಟ್ಟರೆ ಆ ಹಂತವನ್ನು ಅರ್ಧ ಮತ್ತೆ ಕಲಿಯಬೇಕಾಗುತ್ತದೆ.

ರಜೆಓದು:

ಒಪ್ಪಿದೆ. ಕೋರ್ಸ್ ನಂತರ ನಾನು ಪ್ರತಿ ರಾತ್ರಿ ಏನಾದರೂ ಕೇಳುತ್ತಿದ್ದೆ, ಅದನ್ನು ಮೊದಲೇ ಬರೆಯಬೇಕಿತ್ತು. ಅದಿಲ್ಲದೆ ಬರೀ ರಜೆಯ ಕ್ಲಾಸ್ ನಿಲ್ಲುವುದಿಲ್ಲ.

ಕಾಗುಣಿತ:

ಜಪಾನೀಸ್ ಪಕ್ಷದಿಂದ ಒಂದು ಮಾತು. 2200 ಗಂಟೆ ಅಂತ ಓದಿ ಹೆದರಬೇಡಿ. ಆ ಸಂಖ್ಯೆಯ ದೊಡ್ಡ ಪಾಲು ಇಂಗ್ಲಿಷ್‌ನವರಿಗೆ ವಾಕ್ಯದ ಜೋಡಣೆ ತಲೆಕೆಳಗಾಗಿ ಕಾಣುವುದರಿಂದ ಮತ್ತು ಕಾಂಜಿಯಿಂದ, ಅಂದರೆ ಚೀನೀ ಮೂಲದ ಪದಚಿಹ್ನೆಗಳ ಲಿಪಿಯಿಂದ ಬರುವಂಥದ್ದು. ಕನ್ನಡ ಮನೆಮಾತಿನವರಿಗೆ ಮೊದಲ ಕಷ್ಟ ಇಲ್ಲವೇ ಇಲ್ಲ.

ಒಂದು ವಾಕ್ಯ ಬಿಡಿಸಿ ನೋಡಿ. ‘ವತಾಶಿ ವ ತೊಶೊಕನ್ ದೆ ಹೊನ್ ಓ ಯೊಮಿಮಾಸ್.’ ವತಾಶಿ ಅಂದರೆ ನಾನು, ‘ವ’ ಯಾರ ವಿಷಯ ಅಂತ ತೋರಿಸುತ್ತದೆ. ತೊಶೊಕನ್ ಲೈಬ್ರರಿ, ‘ದೆ’ ನಮ್ಮ ‘ಅಲ್ಲಿ’. ಹೊನ್ ಪುಸ್ತಕ, ‘ಓ’ ನಮ್ಮ ‘ಅನ್ನು’. ಯೊಮಿಮಾಸ್ ಓದುತ್ತೇನೆ. ನಾನು ಲೈಬ್ರರಿಯಲ್ಲಿ ಪುಸ್ತಕವನ್ನು ಓದುತ್ತೇನೆ. ಒಂದು ಪದವೂ ಜಾಗ ಬದಲಿಸಿಲ್ಲ! ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ಹಿಂದೆ. ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ಮೂಲಕ ಅನುವಾದ ಮಾಡಿಕೊಳ್ಳುತ್ತಿದ್ದ ಸಹಪಾಠಿಗಳು ಒದ್ದಾಡುತ್ತಿದ್ದರು. ನೇರ ಕನ್ನಡದಿಂದ ಹೋದವರಿಗೆ ಸಲೀಸಾಯಿತು. ಕೊರಿಯನ್‌ಗೂ ಇದೇ ಅನುಕೂಲ ಇದೆ.

ಅಕ್ಷರವೂ ಅಷ್ಟೇ. ಜಪಾನೀಸ್‌ನ ಉಚ್ಚಾರದ ಲಿಪಿಯಾದ ಹಿರಾಗಾನದ 46 ಮೂಲ ಅಕ್ಷರಗಳನ್ನು ಅ, ಇ, ಉ, ಎ, ಒ, ಆಮೇಲೆ ಕ ಸಾಲು, ಸ ಸಾಲು, ತ ಸಾಲು ಅಂತ ಜೋಡಿಸುತ್ತಾರೆ. ಬೌದ್ಧ ಭಿಕ್ಷುಗಳ ಜೊತೆ ಅಲ್ಲಿಗೆ ಹೋದ ಸಿದ್ಧಂ ಲಿಪಿಯ, ಸಂಸ್ಕೃತ ವರ್ಣಮಾಲೆಯ ಪ್ರಭಾವ ಆ ಕ್ರಮದಲ್ಲಿದೆ. ಕಾಗುಣಿತ ಗೊತ್ತಿರುವವರಿಗೆ ಹೊಸದು ಅನ್ನಿಸುವುದಿಲ್ಲ. ಹ್ರಸ್ವ ದೀರ್ಘ, ಒತ್ತಕ್ಷರ ಕಿವಿಯಲ್ಲಿ ಬೇರೆ ಮಾಡುವುದೂ ನಮಗೆ ಅಭ್ಯಾಸ ಇರುವ ಕೆಲಸ.

ಕಾಂಜಿ ಮಾತ್ರ ಬೇರೆಯೇ ಬೆಟ್ಟ. ದಿನಬಳಕೆಯ ಪಟ್ಟಿ ಅಂತ ಅಲ್ಲಿನ ಸರ್ಕಾರ 2010ರಲ್ಲಿ ಪರಿಷ್ಕರಿಸಿದ್ದರಲ್ಲಿ 2136 ಇವೆ. ಅದನ್ನು ಸೆಮಿಸ್ಟರ್ ಕ್ಲಾಸ್ ಕಲಿಸಿಕೊಡುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ನೀವೇ ಬರೆಯಬೇಕು. ಇದಕ್ಕೆ ಮನಸ್ಸಿದ್ದರೆ ಬನ್ನಿ, ಇಲ್ಲದಿದ್ದರೆ ಜರ್ಮನ್ ಸರಿ.

ತಿರುವುದಾರಿ:

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. @ಕಾಗುಣಿತ, ಡಿಗ್ರಿ ಮುಗಿಯುವಾಗ ಜಪಾನೀಸ್‌ನಲ್ಲಿ ಎಲ್ಲಿ ಇರಬಹುದು? ಮತ್ತೆ @ಸಂಜೆಬ್ಯಾಚ್, ಸೆಮಿಸ್ಟರ್ ಪರೀಕ್ಷೆಯ ವಾರಗಳಲ್ಲಿ ಏನು ಮಾಡಲಿ? ಆಗ ನನಗೆ ಬೇರೆ ಏನೂ ಮಾಡಲು ಆಗುವುದಿಲ್ಲ, ಇದು ಖಂಡಿತ.

ಕಾಗುಣಿತ:

ಜೆಎಲ್‌ಪಿಟಿ ಅನ್ನುವ ಪರೀಕ್ಷೆ 1984ರಿಂದ ಇದೆ. ಮೊದಲು ನಾಲ್ಕು ಹಂತ ಇತ್ತು, ಆಗ ಕೆಳಗಿನಿಂದ 150, 300, 600, 900 ಗಂಟೆ ಅಂತ ಅಂದಾಜು ಕೊಡುತ್ತಿದ್ದರು. 2010ರಲ್ಲಿ ಐದು ಹಂತ ಮಾಡಿ (ಎನ್5 ಎಲ್ಲಕ್ಕಿಂತ ಕೆಳಗಿನದು, ಎನ್1 ಎಲ್ಲಕ್ಕಿಂತ ಮೇಲಿನದು), 300 ಮತ್ತು 600ರ ನಡುವೆ ಎನ್3 ಅನ್ನು ಹೊಸದಾಗಿ ಇಟ್ಟರು. ಮೇಲಿನ 480 ಗಂಟೆಯ ಲೆಕ್ಕಕ್ಕೆ ಎನ್4 ಆರಾಮ, ಕಾಂಜಿ ಬಿಡದೆ ಮಾಡಿದರೆ ಎನ್3. ಜಪಾನೀಸ್ ಬೇಕು ಅನ್ನುವ ಕೆಲಸಗಳು ಸಾಮಾನ್ಯವಾಗಿ ಎನ್2 ಕೇಳುತ್ತವೆ. ಅಂದರೆ ಡಿಗ್ರಿ ನಂತರವೂ ಮುಂದುವರಿಸುವ ಮನಸ್ಸು ಬೇಕು. ಇನ್ನೊಂದು, ಈ ಪರೀಕ್ಷೆಯಲ್ಲಿ ಮಾತನಾಡುವ ಭಾಗವೂ ಇಲ್ಲ, ಬರೆಯುವ ಭಾಗವೂ ಇಲ್ಲ. ಎನ್3 ಪಾಸಾಗಿಯೂ ಎರಡು ವಾಕ್ಯ ಜೋಡಿಸಿ ಮಾತನಾಡಲು ತಡವರಿಸುವವರು ಇದ್ದಾರೆ. ಮಾತಿಗೆ ಬೇರೆಯೇ ವ್ಯವಸ್ಥೆ ಮಾಡಿಕೊಳ್ಳಬೇಕು.

ಸಂಜೆಬ್ಯಾಚ್:

@ತಿರುವುದಾರಿ, ಪರೀಕ್ಷೆ ವಾರಗಳ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಭಾಷೆ ಕೈ ತಪ್ಪುವುದು ಹೆಚ್ಚಾಗಿ ಆಗಲೇ. ನನ್ನ ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೇ: ಆ ವಾರಗಳಲ್ಲಿ ಹೊಸದು ಒಂದೂ ಬೇಡ, ಹಳೆಯದನ್ನು ಮಾತ್ರ ಮುಟ್ಟಿ. ದಿನಕ್ಕೆ 15 ನಿಮಿಷ ಸಾಕು. ಆಂಕಿಯಂಥ ಫ್ಲ್ಯಾಶ್‌ಕಾರ್ಡ್ ಆ್ಯಪ್ ಬಳಸುತ್ತಿದ್ದರೆ ದಿನದ ಹೊಸ ಕಾರ್ಡ್‌ಗಳ ಸಂಖ್ಯೆಯನ್ನು 0 ಮಾಡಿ, ಮರುನೋಟದ ಕಾರ್ಡ್ ಮಾತ್ರ ಬರಲಿ. ಇದನ್ನು ಪರೀಕ್ಷೆಗೆ ವಾರ ಎರಡು ವಾರ ಮೊದಲೇ ಮಾಡಿ, ಆಗ ಮರುನೋಟದ ರಾಶಿಯೂ ತಾನೇ ಇಳಿದಿರುತ್ತದೆ. ಊಟ ಮಾಡುವಾಗಲೋ ನಡೆಯುವಾಗಲೋ ಹಿಂದೆ ಕೇಳಿದ ಪಾಠದ ಆಡಿಯೋ ಒಮ್ಮೆ ಹಾಕಿ. ಪರೀಕ್ಷೆ ಮುಗಿದ ದಿನ ಸೊನ್ನೆಯಿಂದ ಶುರು ಮಾಡುವ ಬೇಸರ ಇರುವುದಿಲ್ಲ.

ಜರ್ಮನ್‌ಗೆ ಸೇರುವುದಾದರೆ ಒಂದು ಕೆಲಸ ಮೊದಲ ದಿನದಿಂದ ಮಾಡಿ. ಪ್ರತಿ ನಾಮಪದವನ್ನು ಅದರ ಆರ್ಟಿಕಲ್ ಮತ್ತು ಬಹುವಚನದ ಜೊತೆಗೇ ಬರೆದುಕೊಳ್ಳಿ. ಕನ್ನಡದಲ್ಲಿ ಲಿಂಗ ಅರ್ಥದಿಂದ ಗೊತ್ತಾಗುತ್ತದೆ: ಗಂಡಸು, ಹೆಂಗಸು, ಉಳಿದದ್ದೆಲ್ಲ ನಪುಂಸಕ. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಪುಸ್ತಕ ನಪುಂಸಕ. ಡೆರ್ ಟಿಷ್, ಡೀ ಲಾಂಪೆ, ಡಾಸ್ ಬೂಖ್. ಆಮೇಲೆ ಕಲಿತರಾಯಿತು ಅಂತ ಬಿಟ್ಟವರಿಗೆ ಎ2ರಲ್ಲಿ ನಾಲ್ಕು ವಿಭಕ್ತಿಗಳು ಸೇರಿಕೊಂಡಾಗ ಗೋಜಲಾಗುತ್ತದೆ. ಒಂದು ಸಮಾಧಾನ ಇದೆ: ‘ಯಾಕಂದ್ರೆ’, ‘ಯಾವಾಗ’ ಥರದ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ. ಇಂಗ್ಲಿಷ್‌ನವರು ಅಲ್ಲಿ ಎಡವುತ್ತಾರೆ, ನಮ್ಮವರಿಗೆ ಅದು ಮನೆಯ ಜಾಡು.

ಹಳೇಕಡತ:

ಇನ್ನೊಂದು ದಾರಿಯನ್ನು ಯಾರೂ ಹೇಳಲಿಲ್ಲ. ನಾನು ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ನನಗೆ ಫ್ರೆಂಚ್ ಬೇಕಿದ್ದದ್ದು ಹಳೆಯ ದಾಖಲೆ, ಪ್ರಬಂಧ ಓದಲು ಮಾತ್ರ. ಎಷ್ಟೋ ಯೂನಿವರ್ಸಿಟಿಗಳಲ್ಲಿ ‘ಓದುವುದಕ್ಕಾಗಿ ಫ್ರೆಂಚ್’, ‘ಓದುವುದಕ್ಕಾಗಿ ಜರ್ಮನ್’ ಅಂತ ಪ್ರತ್ಯೇಕ ಕೋರ್ಸ್ ಇರುತ್ತದೆ. ಅಲ್ಲಿ ಸಂಭಾಷಣೆ ಇಲ್ಲ, ಉಚ್ಚಾರದ ತಿದ್ದುಪಡಿ ಇಲ್ಲ. ಮೊದಲ ವಾರದಿಂದಲೇ ನಿಮ್ಮ ವಿಷಯದ ನಿಜವಾದ ಲೇಖನವನ್ನು ಡಿಕ್ಷನರಿ ಇಟ್ಟುಕೊಂಡು ಬಿಡಿಸುತ್ತೀರಿ. ಒಂದು ವರ್ಷದಲ್ಲಿ ನಿಧಾನವಾಗಿಯಾದರೂ ಲೇಖನ ಓದುವಷ್ಟು ಬಂತು ನನಗೆ.

ತತ್ವಶಾಸ್ತ್ರ, ಇತಿಹಾಸ, ಸಂಗೀತಶಾಸ್ತ್ರ, ಪುರಾತತ್ವದವರಿಗೆ ಇದು ಬಹಳ ದೊಡ್ಡ ಅನುಕೂಲ. ಗಣಿತ, ರಸಾಯನಶಾಸ್ತ್ರದ ಹಳೆಯ ಬರಹಗಳಲ್ಲೂ ಜರ್ಮನ್, ಫ್ರೆಂಚ್ ತುಂಬಾ ಇದೆ. ಸಂಶೋಧನೆಯ ಕಡೆ ಮನಸ್ಸಿದ್ದರೆ ಯೋಚಿಸಿ. ಅನುವಾದದ ಯಂತ್ರ ಇದೆಯಲ್ಲ ಅನ್ನುತ್ತಾರೆ. ಮೇಲ್ನೋಟಕ್ಕೆ ಅದು ಸಾಕು. ಆದರೆ ಲೇಖಕ ಒಂದು ವಾದವನ್ನು ಒಪ್ಪುತ್ತಿದ್ದಾನೋ ಅಥವಾ ಬೇರೆಯವರ ಮಾತನ್ನು ಹೇಳಿ ತಳ್ಳಿ ಹಾಕುತ್ತಿದ್ದಾನೋ ಅನ್ನುವುದು ಮೂಲ ಓದಿದಾಗಲೇ ಖಚಿತವಾಗುವುದು.

ಮರುದನಿ:

ಮಾತನಾಡಲು ಜೊತೆ ಹುಡುಕುತ್ತಿರುವವರಿಗೆ: ನಿಮ್ಮ ಕ್ಯಾಂಪಸ್‌ಗೆ ವಿನಿಮಯ ಯೋಜನೆಯಲ್ಲಿ ಬಂದ ವಿದ್ಯಾರ್ಥಿಗಳು ಇದ್ದಾರಾ ನೋಡಿ. ಅವರಿಗೂ ಇಲ್ಲಿಯ ಭಾಷೆ ಕಲಿಯುವ ಆಸೆ ಇರುತ್ತದೆ. ಇದನ್ನು ಟ್ಯಾಂಡೆಮ್ ಅನ್ನುತ್ತಾರೆ. ಅರ್ಧ ಗಂಟೆ ಅವರ ಭಾಷೆ, ಅರ್ಧ ಗಂಟೆ ನಿಮ್ಮ ಭಾಷೆ. ಗಡಿಯಾರ ನೋಡಿ ಬದಲಾಯಿಸಬೇಕು, ಇಲ್ಲದಿದ್ದರೆ ಇಬ್ಬರೂ ಇಂಗ್ಲಿಷ್‌ಗೆ ಜಾರಿ ಅಲ್ಲೇ ಉಳಿದುಬಿಡುತ್ತೀರಿ. ನನ್ನ ಫ್ರೆಂಚ್ ಬಾಯಿಗೆ ಬಂದದ್ದು ಇದರಿಂದಲೇ.

ಪ್ರಮಾಣಪತ್ರದ ಬಗ್ಗೆಯೂ ಎರಡು ಮಾತು. ಫ್ರೆಂಚ್‌ನ ಡೆಲ್ಫ್, ಸ್ಪ್ಯಾನಿಷ್‌ನ ಡೆಲೆ, ಜಪಾನೀಸ್‌ನ ಜೆಎಲ್‌ಪಿಟಿ ಇವಕ್ಕೆ ಅವಧಿ ಮುಗಿಯುವ ದಿನ ಇಲ್ಲ. ಕೊರಿಯನ್‌ನ ಟೋಪಿಕ್ ಫಲಿತಾಂಶ ಎರಡು ವರ್ಷ ಮಾತ್ರ ಚಲಾವಣೆಯಲ್ಲಿರುತ್ತದೆ. ಅದನ್ನು ಎರಡನೇ ವರ್ಷದಲ್ಲೇ ಬರೆದಿಟ್ಟುಕೊಂಡರೆ ಅರ್ಜಿ ಹಾಕುವ ಹೊತ್ತಿಗೆ ಕೆಲಸಕ್ಕೆ ಬಾರದೆ ಹೋಗಬಹುದು. ಡೆಲ್ಫ್‌ನಲ್ಲಿ ನಾಲ್ಕು ಭಾಗಕ್ಕೆ ತಲಾ 25 ಅಂಕ, ಒಟ್ಟು 50 ಬಂದರೆ ಪಾಸ್, ಆದರೆ ಯಾವ ಭಾಗದಲ್ಲೂ 5ಕ್ಕಿಂತ ಕಡಿಮೆ ಆಗಬಾರದು.

ಬೆಸುಗೆ:

ಜರ್ಮನ್ ಬಗ್ಗೆ ಸೇರಿಸುತ್ತೇನೆ. ಜರ್ಮನ್ ಕಲಿಸುವ ಗೊಯೆಟೆ ಸಂಸ್ಥೆಯ ಬಿ1 ಪರೀಕ್ಷೆಯ ನಾಲ್ಕು ಭಾಗಗಳನ್ನು ಬೇರೆ ಬೇರೆಯಾಗಿಯೂ ಬರೆಯಬಹುದು. ಪ್ರತಿ ಭಾಗಕ್ಕೂ 100ಕ್ಕೆ 60 ಬೇಕು. ಓದುವುದು, ಕೇಳುವುದು ಒಂದು ರಜೆಯಲ್ಲಿ, ಬರೆಯುವುದು, ಮಾತನಾಡುವುದು ಇನ್ನೊಂದು ರಜೆಯಲ್ಲಿ ಅಂತ ಹಂಚಿಕೊಳ್ಳಬಹುದು. ಡಿಗ್ರಿ ಓದುವವರಿಗೆ ಇದು ನಿಜಕ್ಕೂ ಉಪಕಾರ.

ಜರ್ಮನ್ ಮಾಧ್ಯಮದಲ್ಲೇ ಅಲ್ಲಿ ಓದಬೇಕು ಅನ್ನುವವರಿಗೆ ಬಿ1 ಸಾಲುವುದಿಲ್ಲ. ಯೂನಿವರ್ಸಿಟಿ ಪ್ರವೇಶಕ್ಕೆ ಬರೆಯುವ ಜರ್ಮನ್ ಪರೀಕ್ಷೆಯಾದ ಟೆಸ್ಟ್‌ಡಾಫ್‌ನಲ್ಲಿ ನಾಲ್ಕೂ ಭಾಗದಲ್ಲಿ 4ನೇ ಮಟ್ಟ ಅನ್ನುವುದು ಸಾಮಾನ್ಯ ನಿಯಮ. ಇಂಗ್ಲಿಷ್ ಮಾಧ್ಯಮದ ಮಾಸ್ಟರ್ಸ್‌ಗೆ ಹೆಚ್ಚಾಗಿ ಜರ್ಮನ್ ಕೇಳುವುದಿಲ್ಲ, ಆದರೂ ಅಲ್ಲಿ ಬದುಕಲು, ಅರೆಕಾಲಿಕ ಕೆಲಸ ಹುಡುಕಲು ಬಿ1 ಬಹಳ ಸಹಾಯ ಮಾಡುತ್ತದೆ.

ತಿರುವುದಾರಿ:

ಆಫೀಸಿಗೆ ಹೋಗಿ ಕೇಳಿದೆ. ಜರ್ಮನ್ ಎ1 ಮುಂದಿನ ಸೆಮಿಸ್ಟರ್, ಎ2 ಅದರ ನಂತರದ ಸೆಮಿಸ್ಟರ್, ಎರಡೂ ಖಚಿತವಾಗಿ ನಡೆಯುತ್ತವೆ. ಪಾಸ್ ಅಥವಾ ಫೇಲ್ ಅಂತ ದಾಖಲಿಸುವ ಅವಕಾಶವೂ ಇದೆ, ಆದರೆ ಸೆಮಿಸ್ಟರ್ ಶುರುವಾದ ಮೊದಲ ಎರಡು ವಾರದಲ್ಲೇ ಅರ್ಜಿ ಕೊಡಬೇಕು. ಬಿ1 ಅಲ್ಲಿ ಇಲ್ಲ. ಅದನ್ನು ದೊಡ್ಡ ರಜೆಯಲ್ಲಿ ಹೊರಗೆ ಶುರು ಮಾಡಿ, ಕೊನೆಯ ವರ್ಷದ ಮೊದಲ ಸೆಮಿಸ್ಟರ್‌ನಲ್ಲಿ ಮುಗಿಸುವ ಯೋಚನೆ. ಕಾಗುಣಿತ ಅವರ ವಾಕ್ಯ ನೋಡಿ ಜಪಾನೀಸ್ ಕಡೆ ಮನಸ್ಸು ಎಳೆಯಿತು, ಆದರೆ ದಿನಾ ಕಾಂಜಿ ಬರೆಯುವಷ್ಟು ಸಮಯ ಈ ಎರಡು ವರ್ಷದಲ್ಲಿ ಸಿಗುವುದಿಲ್ಲ ಅನ್ನಿಸಿತು. ಹಾಗಾಗಿ ಜರ್ಮನ್.

ಕೊನೆಯ ಪ್ರಶ್ನೆ: ಎ1 ಮುಗಿದ ಕೂಡಲೇ ಅದರ ಅಂತರರಾಷ್ಟ್ರೀಯ ಪರೀಕ್ಷೆ ಬರೆಯಬೇಕಾ? ಮತ್ತೆ ಕ್ಲಾಸ್ ಶುರುವಾಗುವ ಮೊದಲು ಏನಾದರೂ ಮಾಡಬಹುದಾ?

ಸಂಜೆಬ್ಯಾಚ್:

ವೀಸಾಗೋ ಅರ್ಜಿಗೋ ಯಾರಾದರೂ ಎ1 ಪತ್ರ ಕೇಳಿದ್ದರೆ ಬರೆಯಿರಿ. ಇಲ್ಲದಿದ್ದರೆ ಬೇಡ. ಆ ಶುಲ್ಕ ಬಿ1 ಪರೀಕ್ಷೆಗೆ ಇಟ್ಟುಕೊಳ್ಳಿ. ಹಂತ ಹಂತಕ್ಕೂ ಪರೀಕ್ಷೆ ಬರೆಯಬೇಕು ಅನ್ನುವ ನಿಯಮ ಎಲ್ಲೂ ಇಲ್ಲ, ನೇರವಾಗಿ ಬಿ1 ಬರೆಯಬಹುದು. ಹೊರಗಿನ ಬಿ1 ಕ್ಲಾಸ್‌ಗೆ ಸೇರುವಾಗ ಅವರೇ ಒಂದು ಮಟ್ಟಪರೀಕ್ಷೆ ಕೊಡುತ್ತಾರೆ. ಅದರಲ್ಲಿ ಎ2ರ ಕೊನೆಯ ಭಾಗಕ್ಕೆ ಹಾಕಿದರೆ ಬೇಸರ ಮಾಡಿಕೊಳ್ಳದೆ ಅಲ್ಲಿಂದಲೇ ಹೋಗಿ, ಅಡಿಪಾಯ ಗಟ್ಟಿಯಾಗುತ್ತದೆ.

ಕ್ಲಾಸ್‌ಗೆ ಮೊದಲು ಮಾಡಬಹುದಾದದ್ದು ಉಚ್ಚಾರ ಮತ್ತು ಸಂಖ್ಯೆಗಳು. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯವರು ಎ1ರಿಂದ ಬಿ1ವರೆಗಿನ ವಿಡಿಯೋ ಪಾಠಗಳನ್ನು ಪೂರ್ತಿ ಉಚಿತವಾಗಿ ಕೊಟ್ಟಿದ್ದಾರೆ. ಮೊದಲ ಕೆಲವು ಪಾಠ ನೋಡಿ, ಕೇಳಿದ್ದನ್ನು ಜೋರಾಗಿ ಹೇಳಿ. 21 ಅನ್ನು ಅವರು ‘ಒಂದು ಮತ್ತು ಇಪ್ಪತ್ತು’ ಅಂತ ಹೇಳುತ್ತಾರೆ, ಫೋನ್ ನಂಬರ್, ಸಮಯ ಕೇಳಿಸಿಕೊಂಡು ಬರೆಯುವಾಗ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಅದು ಕಿವಿಗೆ ಕೂತಿದ್ದರೆ ಮೊದಲ ತಿಂಗಳು ಹಗುರವಾಗುತ್ತದೆ. ಪಾಸ್ ಅಥವಾ ಫೇಲ್ ಅರ್ಜಿಯ ಕೊನೆಯ ದಿನ ಈಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.